ಸಪೂರ ಶೀರ್ಷಿಕೆ ಅಕ್ಷರ: ಅಗಲ ಕದ್ದರೆ ಒತ್ತಿಗೆ ಜಾಗ ಎಲ್ಲಿ?

ಶಾಲ್ಮಲಾ_ಅಕ್ಷರ (ಶಿರಸಿ)

ಯಕ್ಷಗಾನದ ಭಿತ್ತಿಪತ್ರ, ಅಂಗಡಿ ಹಲಗೆ, ಪುಸ್ತಕದ ಬೆನ್ನು. ಈ ಮೂರಕ್ಕೂ ಆದೀತು ಎಂಬ ಅಂದಾಜಿನಲ್ಲಿ ಬರೆದ ಸಪೂರ ಶೀರ್ಷಿಕೆ ಫಾಂಟಿನ ಕರಡು ಹಾಕಿದ್ದೇನೆ. ಹೆಸರಿಟ್ಟಿಲ್ಲ, ಸದ್ಯಕ್ಕೆ ಕಡತದ ಹೆಸರು ‘ಅಡಿಕೆಮರ’. ನೋಡಿದರೆ ಯಾಕೆಂದು ತಿಳಿಯುತ್ತದೆ: ಉದ್ದ ಕಾಂಡ, ತುದಿಯಲ್ಲಷ್ಟೇ ಸೋಗೆ.

ಅಳತೆ 1000 ಯುನಿಟ್ ಲೆಕ್ಕದಲ್ಲಿ, ಎಂದರೆ ಫಾಂಟಿನ ಗಾತ್ರವನ್ನು ಸಾವಿರ ಪಾಲು ಮಾಡಿ. ತಲಕಟ್ಟು ಸೇರಿ ಅಕ್ಷರದ ಎತ್ತರ 640, ‘ಕ’ದ ಅಗಲ 390. ನಿಂತ ಗೆರೆ 96, ಮಲಗಿದ ಗೆರೆ 78. ಮಹಾಪ್ರಾಣದ ಸೀಳು ಬಿಟ್ಟರೆ ಹೊಟ್ಟೆಯೊಳಗಿನ ಬಿಳಿ ಜಾಗ ಎಲ್ಲೂ 58ಕ್ಕಿಂತ ಕಮ್ಮಿಯಿಲ್ಲ. ಗುಡಿಸು, ಎತ್ವಕ್ಕೆ ಮೇಲೆ 860ರವರೆಗೆ ಜಾಗ, ಒತ್ತಿಗೆ ಕೆಳಗೆ 380.

ಚೇಷ್ಟೆ ಮಾಡಿದ್ದು ಮೂರು ಕಡೆ. ಅಕ್ಷರದ ಸೊಂಟವನ್ನು ನಡುವಿಗೆ ಕಟ್ಟದೆ 240ಕ್ಕೆ ಇಳಿಸಿದ್ದೇನೆ, ಹಾಗಾಗಿ ಅ, ಆ, ಸ, ನ ಎಲ್ಲ ಪಂಚೆ ಕೆಳಗೆ ಕಟ್ಟಿದವರ ಹಾಗೆ ಕಾಣುತ್ತವೆ. ತಲಕಟ್ಟಿನ ಬಲತುದಿಯನ್ನು ಓರೆಯಾಗಿ ಕತ್ತರಿಸಿದೆ. ಗುಡಿಸು ಉಂಗುರವಲ್ಲ, ತೊಟ್ಟಿಕ್ಕುವ ಹನಿ.

ಕೇಳಬೇಕಾದ್ದು ಇಷ್ಟು: ಒತ್ತಕ್ಷರವನ್ನು 62%ಕ್ಕೆ ಇಳಿಸಿದ್ದು ಅತಿಯಾಯಿತೇ? ಮಹಾಪ್ರಾಣದ ಹೊಟ್ಟೆಯ ಸೀಳು 34 ಯುನಿಟ್ ಸಾಕೇ? ಎರಡು ಒತ್ತು ಬಂದಾಗ ಒಂದರ ಕೆಳಗೊಂದು ಇಡುವುದೋ, ಪಕ್ಕಕ್ಕೋ?

ಕುಮಟಾ_ಡಿಟಿಪಿ

ಕೆಲಸ ಚೆಂದ ಇದೆ. ಆದರೆ ಒಂದು ಒರಟು ಪ್ರಶ್ನೆ. ಇರುವ ಬೋಲ್ಡ್ ಫಾಂಟನ್ನೇ ಅಡ್ಡಕ್ಕೆ 60% ಮಾಡಿದರೆ ಸಾಲದೇ? ಪೇಟೆಯಲ್ಲಿರುವ ಅರ್ಧಕ್ಕರ್ಧ ಬ್ಯಾನರು ಹಾಗೇ ಆದದ್ದು. ಗಿರಾಕಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಗುಡಿಸಿನ_ದೀರ್ಘ (ಯಲ್ಲಾಪುರ)

ತಿಳಿಯುತ್ತದೆ ಮಾರಾಯ್ರೇ. ಹೆಸರಿಟ್ಟು ಹೇಳಲು ಬರುವುದಿಲ್ಲ, ‘ಏನೋ ಜಜ್ಜಿದ ಹಾಗಿದೆ’ ಅನ್ನುತ್ತಾರೆ.

ಲೆಕ್ಕ ಹಾಕಿ. ಫಾಂಟಿನ ಗೆರೆ ಎಲ್ಲ ಕಡೆ 100 ಇದೆ ಅಂತಿಟ್ಟುಕೊಳ್ಳಿ. ಅಡ್ಡಕ್ಕೆ 60% ಮಾಡಿದ ಕೂಡಲೇ ನಿಂತ ಗೆರೆ 60ಕ್ಕೆ ಇಳಿಯುತ್ತದೆ, ಮಲಗಿದ ಗೆರೆ 100ರಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಮಲಗಿದ ಗೆರೆ ಇರುವುದು ತಲಕಟ್ಟಿನಲ್ಲಿ ಮತ್ತು ಬಟ್ಟಲಿನ ಅಡಿಯಲ್ಲಿ. ಮೇಲೂ ಕೆಳಗೂ ಭಾರ, ನಡುವೆ ಬಡಕಲು. ಸಾಲು ಪೂರ್ತಿ ಎರಡು ಪಟ್ಟಿ ಎಳೆದ ಹಾಗೆ ಕಾಣುತ್ತದೆ. ಶಾಲ್ಮಲಾ ಅವರು ನಿಂತದ್ದನ್ನು 96, ಮಲಗಿದ್ದನ್ನು 78 ಇಟ್ಟದ್ದು ಅದಕ್ಕೆ ತಿರುಗುಮುರುಗು. ಸಪೂರ ಅಕ್ಷರದಲ್ಲಿ ಅದೇ ಸರಿ.

ರೋಮನ್ ಲಿಪಿಯವರಿಗೆ ಈ ಕಷ್ಟ ಅಷ್ಟಿಲ್ಲ. ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ಬರೆದ ಆಲ್ಟರ್ನೇಟ್ ಗಾಥಿಕ್, 1963ರ ಕಾಂಪ್ಯಾಕ್ಟಾ, ಜೆಫ್ರಿ ಲೀ ಬರೆದ 1965ರ ಇಂಪ್ಯಾಕ್ಟ್, ಎಲ್ಲ ನಿಂತ ಕಂಬಗಳ ಮೇಲೆ ಕಟ್ಟಿದವು. ಕಂಬ ಕಂಬದ ನಡುವಿನ ಅಂತರ ಕಮ್ಮಿ ಮಾಡಿದರೆ ಆಯಿತು. ಚೇಷ್ಟೆ ಬೇಕಾದವರು ಎರಡೂ ತುದಿಗೆ ಹೋಗಿದ್ದಾರೆ: 1935ರ ಹಕ್ಸ್‌ಲಿ ವರ್ಟಿಕಲ್ ಪೂರ್ತಿ ತೆಳು ಗೆರೆ, 1937ರ ಆನಿಕ್ಸ್ ದಪ್ಪ ಕಂಬಕ್ಕೆ ಕೂದಲೆಳೆಯ ಅಂಚು. ನಮ್ಮ ಅಕ್ಷರ ಬಳೆಯ ಮೇಲೆ ಕಟ್ಟಿದ್ದು. ಬಳೆ ಒತ್ತಿದರೆ ಮೊಟ್ಟೆ, ಇನ್ನೂ ಒತ್ತಿದರೆ ಸೀಳುಗಂಡಿ. ಅದಕ್ಕೇ ಬಳೆಯ ಎರಡು ಬದಿಯನ್ನು ನೇರ ಮಾಡಿ, ಮೇಲೆ ಕೆಳಗೆ ಮಾತ್ರ ಕಮಾನು ಉಳಿಸಬೇಕು. ಕರಡಿನಲ್ಲಿ ‘ರ’, ‘ಠ’ ಹಾಗೇ ಇವೆ. ‘ಒ’ ಮಾತ್ರ ಇನ್ನೂ ಮೊಟ್ಟೆಯಾಗಿಯೇ ಇದೆ, ತಿದ್ದಿ.

ಕುಮಟಾದವರಿಗೆ ಇವತ್ತೇ ಕೆಲಸ ಆಗಬೇಕಿದ್ದರೆ: ಏಕ್ ಟೈಪ್‌ನವರ ಅನೇಕ್ ಕನ್ನಡದಲ್ಲಿ ಅಗಲವನ್ನೇ ಬದಲಿಸಬಹುದು, ಮಾಮೂಲಿ ಅಗಲ 100 ಎಂದರೆ 75ರಿಂದ 125ರವರೆಗೆ, ದಪ್ಪ 100ರಿಂದ 800. ನೋಟೋ ಸ್ಯಾನ್ಸ್ ಕನ್ನಡ ಅಗಲದಲ್ಲಿ 62.5ರವರೆಗೆ ಇಳಿಯುತ್ತದೆ. ಎರಡೂ ಉಚಿತ. ಅಗಲ ಇಳಿಸಿದಾಗ ಗೆರೆಯ ದಪ್ಪವೂ ಹೊಂದಿಕೊಂಡು ಇಳಿಯುತ್ತದೆ, ಜಜ್ಜಿದ ಹಾಗೆ ಕಾಣುವುದಿಲ್ಲ. ಚೇಷ್ಟೆ ಇಲ್ಲ ಅಷ್ಟೇ, ಸಭ್ಯ ಅಕ್ಷರಗಳು.

ಕುಮಟಾ_ಡಿಟಿಪಿ

ಒಪ್ಪಿದೆ. ಆದರೆ ಚೇಷ್ಟೆ ಬೇಕಾದವರಿಗೆ ಅಕಾಯ ಕನಡಕ ಎಂಬ ಫಾಂಟು ಇದೆಯಲ್ಲ?

ಗುಡಿಸಿನ_ದೀರ್ಘ (ಯಲ್ಲಾಪುರ)

ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಅವರದ್ದು. ಚೇಷ್ಟೆ ಧಾರಾಳ ಇದೆ, ಸಪೂರ ಅಲ್ಲ. ಒಂದೇ ದಪ್ಪದಲ್ಲಿ ಬರುತ್ತದೆ. ಅದನ್ನು ಅಡ್ಡಕ್ಕೆ ಒತ್ತಿದರೆ ಇನ್ನೂ ಪಾಪ, ಯಾಕೆಂದರೆ ಅದರ ಸೊಗಸೆಲ್ಲ ಗೆರೆಯ ಏರಿಳಿತದಲ್ಲಿದೆ.

ರೂಟರ್_ನಾಯ್ಕ (ಅಂಕೋಲಾ)

ಸೀಳಿನ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರ: 34 ಸಾಲುವುದಿಲ್ಲ.

ಎಸಿಪಿ (ಅಲ್ಯೂಮಿನಿಯಂ-ಪ್ಲಾಸ್ಟಿಕ್ ಹಲಗೆ) ಅಥವಾ ಅಕ್ರಿಲಿಕ್ ಕತ್ತರಿಸುವ ರೂಟರ್ ಯಂತ್ರಕ್ಕೆ ಸಾಮಾನ್ಯವಾಗಿ ಹಾಕುವ ಬಿಟ್ (ತಿರುಗುವ ಅಲಗು) 3.175 ಮಿ.ಮೀ., ಎಂದರೆ ಅರ್ಧಪಾವು ಇಂಚು. ಬಿಟ್‌ಗಿಂತ ಸಪೂರ ಸಂದಿಯಲ್ಲಿ ಅದು ಇಳಿಯುವುದೇ ಇಲ್ಲ, ತಂತ್ರಾಂಶ ಆ ಸಂದಿಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಕ್ಷರದ ಎತ್ತರ 640 ಯುನಿಟ್, ಸೀಳು 34 ಆದರೆ, ಸೀಳು 3.175 ಮಿ.ಮೀ. ಆಗಬೇಕಿದ್ದರೆ ಅಕ್ಷರ ಕನಿಷ್ಠ 60 ಮಿ.ಮೀ. ಎತ್ತರ ಇರಬೇಕು. ಬಿಟ್ ಅಲುಗುವುದಕ್ಕೆ, ಅಂಚು ಕರಗುವುದಕ್ಕೆ ಬಿಟ್ಟರೆ 75. ಅದಕ್ಕಿಂತ ಚಿಕ್ಕದರಲ್ಲಿ ‘ಧಾರೇಶ್ವರ’ ಹೋಗಿ ‘ದಾರೇಶ್ವರ’ ಆಗುತ್ತದೆ. ಸೀಳನ್ನು 48 ಮಾಡಿ, ಆಗ 45 ಮಿ.ಮೀ. ಅಕ್ಷರವೂ ದಕ್ಕುತ್ತದೆ. ಲೇಸರಿನಲ್ಲಿ ಈ ತೊಂದರೆ ಇಲ್ಲ, ಆದರೆ ಎಸಿಪಿಯನ್ನು ಲೇಸರಿಗೆ ಕೊಡುವ ಹಾಗಿಲ್ಲ.

ಒಳಮೂಲೆ ಬಗ್ಗೆಯೂ ಒಂದು ಮಾತು. ರೂಟರ್ ಚೂಪು ಒಳಮೂಲೆ ಕತ್ತರಿಸಲಾರದು, ಬಿಟ್‌ನ ಅರ್ಧದಷ್ಟು ಗುಂಡಾಗಿಯೇ ಬಿಡುತ್ತದೆ. ಹನಿಯಂಥ ಗುಡಿಸು ತಲಕಟ್ಟಿಗೆ ಸೇರುವಲ್ಲಿ ನೀವು ಚೂಪು ಸಂದಿ ಬಿಟ್ಟಿದ್ದೀರಿ. ಮೊದಲೇ ಗುಂಡು ಮಾಡಿಕೊಡಿ. ಇಲ್ಲದಿದ್ದರೆ ಒಂದೊಂದು ಯಂತ್ರದಲ್ಲಿ ಒಂದೊಂದು ಆಕಾರ ಬರುತ್ತದೆ.

ಎರಡನೆಯದು ಒತ್ತಿನ ಗೆರೆ. 62% ಅಂದರೆ ಗೆರೆಯನ್ನೂ 62% ಮಾಡಿದ್ದೀರಿ, 96 ಇದ್ದದ್ದು ಸುಮಾರು 60 ಆಗಿದೆ. 200 ಮಿ.ಮೀ. ಅಕ್ಷರದಲ್ಲಿ ಅದು 19 ಮಿ.ಮೀ. ಒಳಗೆ ಎಲ್‌ಇಡಿ ಕೂರಿಸುವ ಪೆಟ್ಟಿಗೆ ಅಕ್ಷರವಾದರೆ ಬದಿಯ ಪಟ್ಟಿ ಕಳೆದು ಮಾಡ್ಯೂಲಿಗೆ ಜಾಗವೇ ಉಳಿಯುವುದಿಲ್ಲ. ಹಗಲು ‘ಯಲ್ಲಾಪುರ’, ರಾತ್ರಿ ‘ಯಲಾಪುರ’. ಒತ್ತಿನ ಆಕಾರ ಚಿಕ್ಕದಾಗಲಿ, ಗೆರೆ ಮಾತ್ರ 80ಕ್ಕಿಂತ ಇಳಿಯಬಾರದು. ಆಗ ಅದೇ ಹಲಗೆಯಲ್ಲಿ 25 ಮಿ.ಮೀ. ಸಿಗುತ್ತದೆ, ಒಂದು ಸಾಲು ಮಾಡ್ಯೂಲ್ ಕೂರುತ್ತದೆ.

ಬೈತಖೋಲ_ಕುಂಚ (ಕಾರವಾರ)

ಕೈಯಲ್ಲಿ ಬರೆಯುವವರಿಗೆ ಈ ಅಳತೆ ಒಳ್ಳೆಯದಿದೆ. 96:640 ಅಂದರೆ ಸರಿಯಾಗಿ 3:20. 200 ಮಿ.ಮೀ. ಅಕ್ಷರಕ್ಕೆ ನಿಂತ ಗೆರೆ 30 ಮಿ.ಮೀ., ಒಂದಿಂಚಿನ ಚಪ್ಪಟೆ ಕುಂಚವನ್ನು ಸ್ವಲ್ಪ ಒತ್ತಿ ಎಳೆದರೆ ಒಂದೇ ಏಟಿಗೆ ಬರುತ್ತದೆ. ಮಲಗಿದ ಗೆರೆ 24 ಮಿ.ಮೀ., ಅದೇ ಕುಂಚ ಹಗುರವಾಗಿ. ಒತ್ತಿಗೆ ಮುಕ್ಕಾಲಿಂಚು. ಅಂಚು ತಿದ್ದುವ ಸಣ್ಣ ಕುಂಚದ ಕೆಲಸ ಹನಿ ಗುಡಿಸಿಗೆ ಮಾತ್ರ.

ದೋಣಿಯ ಮೂತಿಯ ಮೇಲೆ ಬರೆಯುವಾಗ ಸಪೂರ ಅಕ್ಷರ ಬಹಳ ಅನುಕೂಲ, ಜಾಗ ಮುಂದಕ್ಕೆ ಕಿರಿದಾಗುತ್ತ ಹೋಗುತ್ತದೆ. ಆದರೆ ಅಲ್ಲೊಂದು ಮೋಸ ಇದೆ. ಹಲಗೆಯ ಸಾಲು ಮೂತಿಯ ಕಡೆ ಮೇಲಕ್ಕೇರುತ್ತದೆ. ಅಡಿಗೆರೆಯನ್ನು ಹಲಗೆಯ ಜೊತೆ ಏರಿಸಿ, ನಿಂತ ಗೆರೆಯನ್ನು ಮಾತ್ರ ತೂಗುಗುಂಡಿನ ನೇರಕ್ಕೆ ಹಿಡಿದರೆ ಅಕ್ಷರ ಓರೆಬೀಳುತ್ತದೆ. ಅಗಲ ಅಕ್ಷರದಲ್ಲಿ ಅದು ಕಾಣುವುದಿಲ್ಲ, ಸಪೂರದಲ್ಲಿ ಎದ್ದು ಹೊಡೆಯುತ್ತದೆ. ನಿಂತ ಗೆರೆ ಅಡಿಗೆರೆಗೆ ಲಂಬವಾಗಿರಲಿ, ನೆಲಕ್ಕಲ್ಲ.

ಬಣ್ಣದ ವಿಷಯ ಇಲ್ಲಿ ಬೇಡ ಅಂದುಕೊಂಡೆ, ಆದರೂ: ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ದೋಣಿ ದಡದಲ್ಲಿರುತ್ತದೆಂದು ಆಗಲೇ ಬರೆಯಹೊರಟರೆ ಎನಾಮೆಲ್ ಒಣಗುವುದಿಲ್ಲ. ಮೊದಲ ಕೋಟ್ ಕೈಗೆ ಅಂಟುತ್ತಿರುವಾಗಲೇ ಎರಡನೆಯದು ಎಳೆದರೆ ಒಳಸಂದಿಗಳೆಲ್ಲ ತುಂಬಿ ಭ, ಬ ಒಂದೇ ಆಗುತ್ತವೆ. ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿಸಿ, 220ರ ಮರಳುಕಾಗದ ಉಜ್ಜಿ, ಆಮೇಲೆ ಪ್ರೈಮರ್. ಥಿನ್ನರ್ ಹತ್ತಕ್ಕೆ ಒಂದು ಪಾಲು ಮೀರಬಾರದು. ಮೀರಿದರೆ ನಿಂತ ಗೆರೆ ಕಣ್ಣೀರು ಹಾಕುತ್ತದೆ.

ಹೊನ್ನಾವರ_ಪ್ರೆಸ್

ಶಾಲ್ಮಲಾ ತಂಗಿ, ಭಿತ್ತಿಪತ್ರಕ್ಕೆ ಹೌದು, ಹಲಗೆಗೆ ಹೌದು, ಪುಸ್ತಕದ ಬೆನ್ನಿಗೆ ಇದು ಖಂಡಿತ ಬೇಡ. ಎಲ್ಲರೂ ಬೀಳುವ ಹಳ್ಳ ಇದು.

ಸಪೂರ ಅಕ್ಷರ ಅಗಲ ಉಳಿಸುತ್ತದೆ, ಎತ್ತರ ತಿನ್ನುತ್ತದೆ. ಬೆನ್ನಿನ ಮೇಲೆ ಉದ್ದಕ್ಕೆ ಓಡುವ ಶೀರ್ಷಿಕೆಗೆ ಅಗಲ ಬೇಕಾದಷ್ಟಿದೆ, ಎತ್ತರಕ್ಕೇ ಬರ. 12 ಮಿ.ಮೀ. ಬೆನ್ನಿನಲ್ಲಿ ಎರಡೂ ಬದಿಗೆ ಒಂದೂವರೆ ಬಿಟ್ಟರೆ 9 ಉಳಿಯಿತು. ನಿಮ್ಮ ಮೇಲೆ 860, ಕೆಳಗೆ 380, ಒಟ್ಟು 1240. ಆ 9ರಲ್ಲಿ ಅಕ್ಷರಕ್ಕೆ ದಕ್ಕುವುದು 4.6 ಮಿ.ಮೀ., ‘ಕ’ದ ಅಗಲ 3 ಮಿ.ಮೀ.ಗೂ ಕಮ್ಮಿ. ಅಲ್ಲಿಗೆ ಬೇಕಾದದ್ದು ಉಲ್ಟಾ, ಜೇಮ್ಸ್ ಪಕೆಟ್ ಅವರ ಪಡ್ಯಕ್ಕೆ ಎಕ್ಸ್‌ಪ್ಯಾಂಡೆಡ್ ಥರದ ಅಗಲ ಅಕ್ಷರ.

ಭಿತ್ತಿಪತ್ರದಲ್ಲಿ ಮೇಳದ ಹೆಸರು, ಪ್ರಸಂಗ, ಊರು, ಈ ಮೂರಕ್ಕೆ ಬಳಸಿ. ಹಿಮ್ಮೇಳ, ಮುಮ್ಮೇಳದ ಹೆಸರುಪಟ್ಟಿಗೆ ಬಳಸಬೇಡಿ. 18×23 ಇಂಚಿನ ಡೆಮಿ ಹಾಳೆಯಲ್ಲಿ ಕಲಾವಿದರ ಹೆಸರು 24 ಪಾಯಿಂಟಿಗೆ ಇಳಿದರೆ ನಿಮ್ಮ 34ರ ಸೀಳು ಒಂದು ಪಾಯಿಂಟೂ ಇರುವುದಿಲ್ಲ. ‘ಭಾಗವತ’ರ ಭ ಹೋದರೆ ಹಳೇ ಪ್ರೇಕ್ಷಕರು ಫೋನ್ ಮಾಡುತ್ತಾರೆ.

ಸಾಲಿನ ಅಂತರ: ಇಂಗ್ಲಿಷ್ ಸಪೂರ ಅಕ್ಷರವನ್ನು 100 ಪಾಯಿಂಟಿಗೆ 95ರ ಅಂತರದಲ್ಲಿ ಜೋಡಿಸುವ ಚಟ ಇಲ್ಲಿಗೆ ತರಬೇಡಿ. ಒಟ್ಟು 1240 ಇದ್ದಮೇಲೆ 100ಕ್ಕೆ 130 ಕನಿಷ್ಠ. ಮೇಲಿನ ಸಾಲಿನಲ್ಲಿ ಒತ್ತು ಇಲ್ಲದಿದ್ದರೆ 105ಕ್ಕೆ ಇಳಿಸಿ, ಸಾಲು ಸಾಲಿಗೆ ಬೇರೆ ಬೇರೆ. ‘ಕುಮಟಾ’ ಕೆಳಗೆ ಏನೂ ತೂಗುವುದಿಲ್ಲ, ‘ಸಿದ್ದಾಪುರ’ ಕೆಳಗೆ ತೂಗುತ್ತದೆ. ಎರಡಕ್ಕೂ ಒಂದೇ ಅಂತರ ಕೊಟ್ಟರೆ ಹಾಳೆ ಹಲ್ಲು ಬಿದ್ದ ಹಾಗಿರುತ್ತದೆ.

ಬಟ್ಟೆ ಬ್ಯಾನರಿಗೆ ಬೇರೆ ಲೆಕ್ಕ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದ ನಿಷೇಧ ಇದೆ, ಹಾಗಾಗಿ ಹತ್ತಿಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟ್ ಕೇಳುವವರು ಇದ್ದಾರೆ. ಶಾಯಿ ನೂಲಿನ ಗುಂಟ ಎರಡೂ ಬದಿಗೆ ಅರ್ಧ ಮಿ.ಮೀ. ಹರಡುತ್ತದೆ ಅಂತಲೇ ಇಟ್ಟುಕೊಳ್ಳಿ. ಸೀಳು ಕನಿಷ್ಠ 3 ಮಿ.ಮೀ. ಇದ್ದರೆ 2 ಉಳಿಯುತ್ತದೆ.

ಶಾಲ್ಮಲಾ_ಅಕ್ಷರ (ಶಿರಸಿ)

ಬೆನ್ನಿನ ಲೆಕ್ಕ ನೋಡಿ ನಾಚಿಕೆಯಾಯಿತು ಅಣ್ಣಾ, ಪಟ್ಟಿಯಿಂದ ತೆಗೆದೆ. ಸೀಳು 48, ಒತ್ತಿನ ಗೆರೆ 80. ಆದರೆ ಒತ್ತಿನ ಗೆರೆ ದಪ್ಪ ಮಾಡಿದ ಕೂಡಲೇ 62%ರ ಒತ್ತಿನೊಳಗೆ ಬಿಳಿ ಜಾಗ ಮುಚ್ಚುತ್ತಿದೆ. ಲ, ದ, ವ ಒತ್ತುಗಳು ಸರಿ. ಣ, ಜ, ಖ ಒತ್ತುಗಳು ಗಂಟಾಗಿವೆ.

ಗುಡಿಸಿನ_ದೀರ್ಘ (ಯಲ್ಲಾಪುರ)

ಎಲ್ಲ ಒತ್ತಿಗೂ ಒಂದೇ ಶೇಕಡಾ ಯಾಕೆ? ಎತ್ತರ ಒಂದೇ ಇರಲಿ, ಅಗಲ ಅದರದರ ಗೆರೆಯ ಸಂಖ್ಯೆಗೆ ತಕ್ಕಂತೆ. ಲ-ಒತ್ತಿಗೆ 240 ಯುನಿಟ್ ಅಗಲ ಸಾಕು, ಣ-ಒತ್ತಿಗೆ 340 ಬೇಕು. ಮೇಲಿನ ಅಕ್ಷರವೇ 390 ಇರುವುದರಿಂದ 340 ಅದರ ಅಡಿಯಲ್ಲೇ ಅಡಗುತ್ತದೆ, ಸಾಲು ಉದ್ದ ಆಗುವುದಿಲ್ಲ. ಅಕ್ಷರ ಸಪೂರ ಆದಷ್ಟೂ ಒತ್ತು ನೇರ ಕೆಳಗೆ ಹೋಗಬೇಕು. ಮಾಮೂಲಿ ಫಾಂಟಿನಂತೆ ಬಲಕ್ಕೆ ಜಾರಿಸಿ ಇಟ್ಟರೆ ಅಗಲದಲ್ಲಿ ಉಳಿಸಿದ್ದೆಲ್ಲ ಒತ್ತಿಗೇ ಖರ್ಚು. ಯ-ಒತ್ತು, ರ-ಒತ್ತು ಮಾತ್ರ ಬಲಕ್ಕೇ ಇರಲಿ, ಅವುಗಳ ಬಾಲವೇ ಗುರುತು.

ಎರಡು ಒತ್ತಿನ ಪ್ರಶ್ನೆಗೂ ಇದೇ ಉತ್ತರ. ಸ್ತ್ರ, ಷ್ಟ್ರಗಳಲ್ಲಿ ಮೊದಲ ಒತ್ತು ಕೆಳಗೆ, ರ-ಒತ್ತಿನ ಬಾಲ ಅದನ್ನು ಸುತ್ತಿ ಬಲಕ್ಕೆ. ಒಂದರ ಕೆಳಗೊಂದು ಪೇರಿಸಿದರೆ 380 ಸಾಲದು, 560 ಬೇಕಾಗುತ್ತದೆ. ಒಂದು ‘ಶಾಸ್ತ್ರಿ’ಗಾಗಿ ಇಡೀ ಫಾಂಟಿನ ಸಾಲಿನ ಅಂತರ ಹಿಗ್ಗಿಸುವುದು ದಂಡ.

ಹೊನ್ನಾವರ_ಪ್ರೆಸ್

ಪೇರಿಸಿದ್ದೇ ಚೆಂದ ಎಂಬುದು ನನ್ನ ಹಠ. ಅಚ್ಚುಮೊಳೆಯಲ್ಲಿ ಪಕ್ಕಕ್ಕಿಟ್ಟದ್ದು ಮೊಳೆಯ ಅನಿವಾರ್ಯ, ಸೌಂದರ್ಯ ಅಲ್ಲ. ಶೀರ್ಷಿಕೆಯಲ್ಲಿ ಒಂದೇ ಪದ ಇದ್ದಾಗ 560 ಯಾರಿಗೆ ಭಾರ?

ಗುಡಿಸಿನ_ದೀರ್ಘ (ಯಲ್ಲಾಪುರ)

ಹಾಗಾದರೆ ಪೇರಿಸಿದ್ದನ್ನು ಬದಲಿ ರೂಪವಾಗಿ ಇಡಲಿ, ಬೇಕಾದವರು ಆಯ್ಕೆಯಿಂದ ತೆರೆದುಕೊಳ್ಳುತ್ತಾರೆ. ಮೂಲದಲ್ಲಿ ಬೇಡ.

ಯುನಿಕೋಡ್_ಹೆಗಡೆ (ಸಿದ್ದಾಪುರ)

ಆಕಾರದ ಮಾತು ಆಯಿತು, ಕರಡು ಕಡತ ತೆರೆದು ನೋಡಿದೆ. ಒಳಗೆ ತಪ್ಪುಗಳಿವೆ.

‘ಲಕ್ಷ್ಮಿ’ಯಲ್ಲಿ ಎರಡು ಒತ್ತು ಬರುತ್ತಿದೆ: ಕ ಕೆಳಗೆ ಷ, ಅದರ ಪಕ್ಕ ಮ. ‘ಕ್ಷ’ವನ್ನು ಒಂದೇ ಆಕಾರವಾಗಿ ಅಖಂಡ ನಿಯಮದಲ್ಲಿ (ಬಿಡಿಸಬಾರದ ಜೋಡಿಗೆ ಫಾಂಟಿನೊಳಗೆ ಬರೆಯುವ ಸೂಚನೆ) ಮೊದಲೇ ಕೂಡಿಸಬೇಕು. ‘ಜ್ಞ’ಕ್ಕೂ ಇದೇ ಜಾಗ. ಕೂಡಿಸಿದರೆ ‘ಕ್ಷ್ಮ’ಕ್ಕೆ ಒಂದೇ ಒತ್ತು. ‘ಯಕ್ಷಗಾನ’ ಎಂಬ ಪದಕ್ಕಾಗಿಯೇ ಹುಟ್ಟಿದ ಫಾಂಟಿನಲ್ಲಿ ಇದು ಬಿಟ್ಟುಹೋದದ್ದು ಸೋಜಿಗ.

ಹೊಸ ಕನ್ನಡ ಲಿಪಿ ಗುರುತಿನ (ಕೆಎನ್‌ಡಿ2) ಅಡಿಯಲ್ಲಿ ಒತ್ತಿನ ನಿಯಮ ಬರೆಯುವಾಗ ಮೊದಲು ವಿರಾಮ (ಅರ್ಧಾಕ್ಷರದ ‘್’ ಗುರುತು), ಆಮೇಲೆ ವ್ಯಂಜನ. ನೀವು ಹಳೇ ಕ್ರಮದಲ್ಲಿ ವ್ಯಂಜನ ಮೊದಲು ಬರೆದಿದ್ದೀರಿ. ಅದಕ್ಕೇ ಕೆಲವು ಕಡೆ ಒತ್ತು ಕೂಡದೆ ‘ಹೊನ್‌ನಾವರ’ ಎಂದು ಬಿಡಿಬಿಡಿಯಾಗಿ ಕಾಣುವುದು.

ಅರ್ಕಾವತ್ತು ಅಕ್ಷರಗುಚ್ಛದ ಕೊನೆಗೆ ಹೋಗಿ ಕೂರುತ್ತದೆ. ಸಪೂರ ಮಾಡಿದಾಗ ಅದು ‘೯’ ಅಂಕಿಯ ತದ್ರೂಪ ಆಗಿದೆ. ‘ಗೋಕರ್ಣ’ದ ಪಕ್ಕ ಕನ್ನಡ ಅಂಕಿಯಲ್ಲಿ ದಿನಾಂಕ ಬಂದರೆ ಗೊಂದಲ. ಅಂಕಿಯನ್ನು ಪೂರ್ತಿ 640 ಎತ್ತರಕ್ಕೆ, ಅರ್ಕಾವತ್ತನ್ನು 420ಕ್ಕೆ ಇಳಿಸಿ, ಅಡಿಗೆರೆಗೇ ಕೂರಿಸಿ. ಮತ್ತೆ ‘ರ‍್ಯಾಂಕ್’ ಥರದ ಪದದಲ್ಲಿ ಅರ್ಕಾವತ್ತು ಬೇಡ, ರ ಕೆಳಗೆ ಯ-ಒತ್ತೇ ಬೇಕು. ಬರೆಯುವವರು ರ ಆದಮೇಲೆ ಶೂನ್ಯ ಅಗಲದ ಜೋಡಕ (ಕಣ್ಣಿಗೆ ಕಾಣದ ಗುರುತು, ಯು+200ಡಿ), ಆಮೇಲೆ ವಿರಾಮ, ಆಮೇಲೆ ಯ ಹಾಕುತ್ತಾರೆ. ನಿಮ್ಮ ಫಾಂಟಿನಲ್ಲಿ ಆ ಜೋಡಕಕ್ಕೆ ಖಾಲಿ ಆಕಾರ ಇಲ್ಲದ್ದರಿಂದ ಕೆಲವು ತಂತ್ರಾಂಶ ಚೌಕಡಬ್ಬಿ ತೋರಿಸುತ್ತದೆ.

ಗುಡಿಸು ಮತ್ತು ಎತ್ವ ಬಂದಾಗ ತಲಕಟ್ಟು ಮಾಯವಾಗಬೇಕು. ಅದಕ್ಕೆ ‘ಕಿ’, ‘ಕೆ’ ಇತ್ಯಾದಿಗಳನ್ನು ಒಂದೊಂದಾಗಿ ಕೂಡಿಸಿಟ್ಟದ್ದು ಸರಿ, ಆದರೆ ಘಿ, ಛಿ, ಢೆ ಬಿಟ್ಟಿವೆ. ಹಾರ್ಫ್‌ಬಜ್‌ನ ಎಚ್‌ಬಿ-ವ್ಯೂನಲ್ಲಿ (ಫಾಂಟು ಪರೀಕ್ಷಿಸುವ ಸಲಕರಣೆ) ಪೂರ್ತಿ ಕಾಗುಣಿತ ಓಡಿಸಿ, ಕಣ್ಣಿಗೇ ಬೀಳುತ್ತದೆ.

ಬಳಸುವವರಿಗೆ: ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಫಾಂಟು ಎಷ್ಟೇ ಸರಿಯಿದ್ದರೂ ಒತ್ತು ಒಡೆಯುತ್ತದೆ. ಹಳೇ ಫೋಟೋಶಾಪಿನಲ್ಲೂ ಟೈಪ್ ಆಯ್ಕೆಯಲ್ಲಿ ಇಂಥದ್ದೇ ಗುಂಡಿ ಇರುತ್ತಿತ್ತು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಗುಂಡಿ ಮುಟ್ಟಬೇಡಿ, ಕೆಲವು ತಂತ್ರಾಂಶದಲ್ಲಿ ಇಳಿ, ಕೊಂಬು, ದೀರ್ಘ ಎಲ್ಲ ಅಕ್ಷರದಿಂದ ಕಳಚಿ ಈಜುತ್ತವೆ. ಬೇರೆ ಊರಿನ ಪ್ರೆಸ್ಸಿಗೆ ಕಳಿಸುವ ಮುಂಚೆ ಗೆರೆಚಿತ್ರವಾಗಿ (ಫಾಂಟು ಬೇಡದ ಬರೀ ಆಕಾರವಾಗಿ) ಬದಲಿಸಿ ಕಳಿಸಿ.

ಕುಮಟಾ_ಡಿಟಿಪಿ

ಗೆರೆಚಿತ್ರ ಮಾಡಿದಮೇಲೆ ಹಲಗೆಯ ನಡುವಿಗೆ ಕೂರಿಸುವಾಗ ಅಕ್ಷರ ಮೇಲೆ ತೇಲಿದ ಹಾಗೆ ಕಾಣುವುದು ಯಾಕೆ? ‘ಶಿರಸಿ’, ‘ಕಾರವಾರ’ ಎರಡೂ ಹೀಗೇ.

ರೂಟರ್_ನಾಯ್ಕ (ಅಂಕೋಲಾ)

ಗೆರೆಚಿತ್ರ ಮಾಡುವ ಮುಂಚೆಯೇ ನಡುವಿಗೆ ತಂದಿರುತ್ತೀರಿ. ಆಗ ತಂತ್ರಾಂಶ ಇಲ್ಲದ ಒತ್ತಿನ 380ನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲು ಗೆರೆಚಿತ್ರ, ಆಮೇಲೆ ನಡು. ಒತ್ತು ಇರುವ ಪದದಲ್ಲಿ ಇನ್ನೊಂದು: 640ರ ಭಾಗವನ್ನಷ್ಟೇ ಅಳೆದು ನಡುವಿಗೆ ತನ್ನಿ, ಆಮೇಲೆ ಒತ್ತಿನ ಭಾರಕ್ಕೆ ಒಂದು ಬೆರಳು ಮೇಲೆತ್ತಿ.

ಇಂಗ್ಲಿಷ್ ಜೊತೆಗಿದ್ದರೆ ಕನ್ನಡ ಮೇಲೆ, 60% ಜಾಗ ಅದಕ್ಕೇ. 2024ರ ತಿದ್ದುಪಡಿ ಆದಮೇಲೆ ಅದು ಕಾಯ್ದೆ. ಕೆಳಗಿನ ಇಂಗ್ಲಿಷಿಗೆ ಬೆಬಾಸ್ ನ್ಯೂ ಹೊಂದುತ್ತದೆ, ಬರೀ ದೊಡ್ಡಕ್ಷರ ಇರುವುದರಿಂದ ಕೆಳಗೆ ಬಾಲ ಇಲ್ಲ. ಅದರ ಎತ್ತರ ಕನ್ನಡದ 640ರ ಮುಕ್ಕಾಲು ಪಾಲಿರಲಿ. ಸಮ ಮಾಡಿದರೆ ನೆಟ್ಟಗಿನ ಇಂಗ್ಲಿಷ್ ಕಂಬಗಳೇ ಮೊದಲು ಕಣ್ಣಿಗೆ ಹೊಡೆಯುತ್ತವೆ.

ಶಾಲ್ಮಲಾ_ಅಕ್ಷರ (ಶಿರಸಿ)

ಕ್ಷ, ಜ್ಞ ಸೇರಿಸಿದೆ. ಒತ್ತಿನ ಕ್ರಮ ತಿರುಗಿಸಿದೆ. ಸೀಳು 48, ಒತ್ತಿನ ಅಗಲ 240ರಿಂದ 340ರವರೆಗೆ ಬೇರೆ ಬೇರೆ, ಗೆರೆ 80. ಅರ್ಕಾವತ್ತು 420. ಪೇರಿಸಿದ ಸ್ತ್ರ, ಷ್ಟ್ರ ಬದಲಿ ರೂಪದಲ್ಲಿವೆ, ಹೊನ್ನಾವರದ ಅಣ್ಣನ ಹಠಕ್ಕೆ.

‘ಅಂಕೋಲಾ’ದ ‘ಕೋ’ ಇನ್ನೂ ತಲೆನೋವು. ಎತ್ವ, ಕೊಂಬು, ದೀರ್ಘ ಮೂರೂ ಸೇರಿ 810 ಆಗುತ್ತದೆ, ಎರಡು ‘ಕ’ಕ್ಕಿಂತ ಅಗಲ. ದೀರ್ಘವನ್ನು 170ಕ್ಕೆ ಸಪೂರ ಮಾಡಿ, ಕೊಂಬಿನ ಮೇಲೆ ಸ್ವಲ್ಪ ಹತ್ತಿಸಿ ಒಟ್ಟು 690ಕ್ಕೆ ತಂದಿದ್ದೇನೆ. ಅದಕ್ಕಿಂತ ಒತ್ತಿದರೆ ‘ಕೊ’ ಎಂದು ಓದಿಸಿಕೊಳ್ಳುತ್ತದೆ.

ಪರೀಕ್ಷೆಗೆ ಇಟ್ಟುಕೊಂಡ ಪದಗಳು: ಧಾರೇಶ್ವರ, ಮುರ್ಡೇಶ್ವರ, ಗೋಕರ್ಣ, ಕೈಗಾ, ಸ್ವರ್ಣವಲ್ಲಿ, ಸಹಸ್ರಲಿಂಗ, ಭಟ್ಕಳ, ಜೋಯಿಡಾ, ಇಡಗುಂಜಿ, ಹೊನ್ನಾವರ. ಬಿಟ್ಟದ್ದಿದ್ದರೆ ಹೇಳಿ.

ಬೈತಖೋಲ_ಕುಂಚ (ಕಾರವಾರ)

‘ಹೂವು’ ಹಾಕಿ. ವ ಮತ್ತು ಪಕ್ಕೆ ಕೊಂಬು ಬಂದಾಗ ಅದು ಪಕ್ಕಕ್ಕೆ ಹೋಗುವುದಿಲ್ಲ, ಕೆಳಗಿಳಿಯುತ್ತದೆ. ನಿಮ್ಮ ಸೊಂಟ ಇಳಿದ ಸಪೂರ ಅಕ್ಷರದಲ್ಲಿ ಅದಕ್ಕೆ ಇಳಿಯಲು ಜಾಗ ಇಲ್ಲದೆ ಪಕ್ಕಕ್ಕೇ ಅಂಟಿಕೊಂಡಿದೆ. ಈಗಿನ ಕರಡಿನಲ್ಲಿ ‘ಹೂವು’ ಬರೆದರೆ ‘ಹೂಮ’ ಅಂತ ಓದುತ್ತದೆ.

ಶಾಲ್ಮಲಾ_ಅಕ್ಷರ (ಶಿರಸಿ)

ನಿಜ. ‘ವು’, ‘ಪು’, ‘ಫು’ ಮೂರಕ್ಕೂ ಕೊಂಬನ್ನು ಅಡಿಗೆರೆಯಿಂದ 90 ಯುನಿಟ್ ಕೆಳಗೆ ಎಳೆದು ಬೇರೆಯೇ ಆಕಾರ ಬರೆಯುತ್ತೇನೆ. ‘ವೂ’, ‘ಪೂ’ಗೂ ಅದೇ ಮಾಡಬೇಕು.